ಪೈಪುಗಳ ಹಾಜರಿ

ಹಳೇಬೀಡಿನಲ್ಲಿ ನಮ್ಮವ್ವ ಮುತ್ತಮ್ಮ ಕಟ್ಟುವಷ್ಟು ದೊಡ್ಡ ರಾಗಿಮುದ್ದೆಯನ್ನು ಇನ್ನೊಬ್ಬರು ಕಟ್ಟುವುದಿಲ್ಲ. ದೇವಸ್ಥಾನ ನೋಡಲು ಬಂದ ಪ್ರವಾಸಿಗಳು ದಾರಿ ತಪ್ಪಿ ನಮ್ಮ ಹಿತ್ತಿಲಿಗೆ ಬಂದರೆ, ಒಲೆಯ ಪಕ್ಕದ ಮುದ್ದೆಯನ್ನು ಕಂಡು ಇದು ಯಾವ ರಾಜನ ಕಾಲದ್ದು ಎಂದು ಕೇಳುತ್ತಾರೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ರವಿಕುಮಾರ್, ಸರ್ಕಾರಿ ಬಸ್ಸಿನ ಕಂಡಕ್ಟರ್. ಅರಸೀಕೆರೆ-ಬೇಲೂರು ರೂಟಿನಲ್ಲಿ ದಿನಕ್ಕೆ ಲಕ್ಷ ಜನಕ್ಕೆ ಟಿಕೆಟ್ ಕೊಡುವವನು. ಚಿಲ್ಲರೆ ವಿಷಯದಲ್ಲಿ ಬೇಕಾದರೆ ಸುಳ್ಳು ಹೇಳಿಯೇನು, ಮುದ್ದೆಯ ವಿಷಯದಲ್ಲಿ ಹೇಳುವುದಿಲ್ಲ.

ಅಂಥ ಮುದ್ದೆಯನ್ನೂ ನಮ್ಮ ಮನೆಯಲ್ಲಿ ಹಾಜರಿ ಆಗದೆ ಮುಟ್ಟುವಂತಿಲ್ಲ. ಅಪ್ಪ ಜವರಪ್ಪ ಮೇಷ್ಟ್ರು ಪ್ರೈಮರಿ ಶಾಲೆಯ ಹೆಡ್‌ಮಾಸ್ಟರಾಗಿ ರಿಟೈರಾದವರು. ಅವರು ಕೆಮ್ಮಿದರೆ ಊರಿನ ಕಲ್ಲಿನ ಆನೆಗಳು ಕೂಡ ಸಾಲು ನೆಟ್ಟಗೆ ಮಾಡಿಕೊಳ್ಳುತ್ತಿದ್ದವು. ಶಾಲೆ ಅವರನ್ನು ಬಿಟ್ಟರೂ ಅವರು ಶಾಲೆಯನ್ನು ಬಿಡಲಿಲ್ಲ. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸೀಮೆಸುಣ್ಣ. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ಮುಂದೆ ಹಾಜರಿ.

"ಮುತ್ತಮ್ಮ."

"ಹಾಜರ್."

"ರವಿಕುಮಾರ್."

"ಹಾಜರ್."

"ರಮಾ."

"ಹಾಜರ್ ಮಾವ." ರಮಾ ನನ್ನ ಹೆಂಡತಿ, ಊರಿನ ಆಸ್ಪತ್ರೆಯಲ್ಲಿ ನರ್ಸು.

"ಮಾಲಿನಿ."

"ಹಾಜರ್ ಅಪ್ಪ." ಇವಳು ನನ್ನ ತಂಗಿ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಇಂಜಿನಿಯರ್ ಹುದ್ದೆಯ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಅಪ್ಪ ನಂಬಿದ್ದರು.

ಆ ದಿನ ಹಾಜರಿ ಮುಗಿದದ್ದೇ ಮಾಲಿನಿ ಹೇಳಿದಳು. "ಅಪ್ಪ, ಕೆಲಸ ಸಿಕ್ತು."

ಮುದ್ದೆಗೆ ಇಳಿದಿದ್ದ ಅಪ್ಪನ ಬೆರಳು ಅಲ್ಲೇ ನಿಂತವು. "ಯಾವ ಇಲಾಖೆಯಮ್ಮ?"

"ಇಲಾಖೆ ಅಲ್ಲ. ಅರಸೀಕೆರೇಲಿ ಒಂದು ಕೊಬ್ಬರಿ ಗೋಡೌನು. ಚಾವಣಿಗೆಲ್ಲ ಸ್ಪ್ರಿಂಕ್ಲರ್ ಪೈಪು ಹಾಕಿಸ್ತಿದಾರೆ. ಬೆಂಕಿ ಬಿದ್ರೆ ತಾನಾಗೇ ನೀರು ಸುರಿಯುತ್ತಲ್ಲ, ಅದು."

"ಒಳ್ಳೆಯದು. ನೀನು ಮೇಲ್ವಿಚಾರಣೆ ಮಾಡಬೇಕೋ?"

"ಇಲ್ಲ. ಪೈಪು ಜೋಡಿಸ್ಬೇಕು."

"ಯಾರು?"

"ನಾನೇ. ಏಣಿ ಹತ್ತಿ, ರೆಂಚ್ ಹಿಡ್ಕೊಂಡು."

ಮನೆಯಲ್ಲಿ ಎಂಥ ಮೌನ ಬಿತ್ತೆಂದರೆ, ಪಕ್ಕದೂರು ಜಾವಗಲ್ಲಿನಲ್ಲಿ ಯಾರೋ ಬೀಡಿ ಹಚ್ಚಿದ್ದು ನನಗೆ ಕೇಳಿಸಿತು.

"ಅರಸೀಕೆರೆಯ ಯಾವ ಬೀದಿ?" ಎಂದು ಅಪ್ಪ ಕೇಳಿದರು.

ಮಾಲಿನಿ ಹೇಳಿದಳು.

"ಅದೇ ಬೀದಿಯಲ್ಲಿ ನನ್ನಪ್ಪ ಕಾಯಿ ಸುಲಿಯುತ್ತಿದ್ದ. ಗೋಡೌನಿನ ಬಾಗಿಲ ಹೊರಗೆ ಕೂತು. ಸುಲಿದ ಕಾಯಿ ಒಳಗೆ ಹೋಗುತ್ತಿತ್ತು, ಸುಲಿದವನು ಹೋಗುವಂತಿರಲಿಲ್ಲ. ಅವನ ಅಂಗೈ ಹೇಗಿತ್ತು ಗೊತ್ತೇನಮ್ಮ? ನನ್ನ ಕೆನ್ನೆ ಸವರಿದರೆ ಗೀರು ಬೀಳುತ್ತಿತ್ತು. ನಾನು ಸೀಮೆಸುಣ್ಣ ಹಿಡಿದೆ, ನಿಮ್ಮಿಬ್ಬರ ಕೈಗೆ ಪೆನ್ನು ಕೊಟ್ಟೆ. ಇದೆಲ್ಲ ಆದ ಮೇಲೆ ನೀನು ಅದೇ ಬೀದಿಗೆ ಕಬ್ಬಿಣ ಹಿಡಿದುಕೊಂಡು ಹೋಗುತ್ತೀಯಾ?"

"ಅಪ್ಪ, ನಾನು ಒಳಗೇ ಕೆಲಸ ಮಾಡೋದು."

"ಎದುರುತ್ತರ ಬೇಡ."

"ಎದುರುತ್ತರ ಅಲ್ಲ. ಕುರ್ಚಿ ಮೇಲೆ ಕೂತು ಫೈಲು ನೋಡೋದು ನನ್ ಕೈಲಾಗಲ್ಲ. ಅಲ್ಲಿ ಪೈಪಿನ ಕೆಲಸ ಹಿಡಿದಿರೋ ಜಯದೇವಪ್ಪ ಮೇಸ್ತ್ರಿ ಒಂದ್ ಮಾತ್ ಹೇಳಿದಾರೆ. ಈ ಗೋಡೌನು ಮುಗಿದು, ಲೈನಿಗೆ ನೀರು ತುಂಬಿ ಕೊಟ್ಟ ಪ್ರೆಶರ್ ಇಳೀದೆ ನಿಂತ್ರೆ ನನ್ನ ಫಿಟ್ಟರ್ ಅಂತ ತಗೊಳ್ತಾರೆ. ಮುಂದಿನ ಕೆಲಸ ಬೇಲೂರಲ್ಲೇ, ಹೊಸ ಲಾಡ್ಜು. ನಿಲ್ಲದಿದ್ರೆ ವಾಪಸ್ ಬಂದು ನೀವ್ ಹೇಳಿದ ಪುಸ್ತಕ ಓದ್ತೀನಿ."

ಅಪ್ಪ ಎದ್ದು ಕೈ ತೊಳೆದರು. "ಹಾಗಾದರೆ ನನ್ನ ಮಾತೂ ಕೇಳು. ನೀನು ಆ ಏಣಿ ಇಳಿಯುವವರೆಗೆ ನಿನ್ನ ಹೆಸರು ನನ್ನ ಹಾಜರಿಯಲ್ಲಿ ಇಲ್ಲ."

ಮಾರನೆಯ ದಿನದಿಂದ ಹಾಗೇ ಆಯಿತು. ಅಪ್ಪ ರಮಾಳ ಹೆಸರು ಕರೆದು, ಒಂದು ಹೆಸರಿನಷ್ಟು ಹೊತ್ತು ಸುಮ್ಮನಿದ್ದು, ಊಟಕ್ಕೆ ಕೈ ಹಾಕುತ್ತಿದ್ದರು. ಮಾಲಿನಿ ತಟ್ಟೆ ನೋಡುತ್ತ ಕೂತಿರುತ್ತಿದ್ದಳು. ಮನುಷ್ಯರನ್ನು ಬೈದು ಸೋಲಿಸುವ ಅಪ್ಪಂದಿರನ್ನು ನಾನು ಬಸ್ಸಿನಲ್ಲಿ ದಿನಾ ನೂರಾರು ನೋಡುತ್ತೇನೆ. ಹೆಸರು ಕರೆಯದೆ ಸೋಲಿಸುವ ವಿದ್ಯೆ ಇಡೀ ಹಾಸನ ಜಿಲ್ಲೆಯಲ್ಲಿ ನಮ್ಮಪ್ಪನಿಗೆ ಮಾತ್ರ ಗೊತ್ತು.

ಆದರೆ ಅವ್ವನಿಗೆ ಅದಕ್ಕಿಂತ ದೊಡ್ಡ ವಿದ್ಯೆ ಗೊತ್ತಿತ್ತು.

"ಮುತ್ತಮ್ಮ," ಎಂದರು ಅಪ್ಪ, ಎರಡನೆಯ ರಾತ್ರಿ.

"ಗೈರು."

"ಎದುರಿಗೇ ಕೂತಿದ್ದೀಯಲ್ಲೇ."

"ಕೂತಿದೀನಿ. ಆದ್ರೆ ಗೈರು. ಮಗಳ ಹೆಸರು ಕರ್ಯೋಗಂಟ ನಾನೂ ಗೈರೇ. ಮುದ್ದೆ ಇನ್ನೂ ಗೈರಾಗಿಲ್ಲ, ಅಷ್ಟಕ್ಕೇ ಸಂತೋಷ ಪಡಿ ಮೇಷ್ಟ್ರೇ."

ಅಪ್ಪ ಮೂವತ್ತೈದು ವರ್ಷದ ನೌಕರಿಯಲ್ಲಿ ಇಂಥ ವಿದ್ಯಾರ್ಥಿಯನ್ನು ನೋಡಿರಲಿಲ್ಲ. ಸಾರು ಕಲಸಿಕೊಂಡು ಸುಮ್ಮನೆ ತಿಂದರು.

ಮಾಲಿನಿ ಬೆಳಿಗ್ಗೆ ನನ್ನ ಬಸ್ಸಿಗೇ ಹತ್ತುತ್ತಿದ್ದಳು. ಹೆಗಲಿಗೆ ಒಂದು ಕ್ಯಾನ್ವಾಸ್ ಚೀಲ. ಅದರಿಂದ ಪೈಪ್ ರೆಂಚ್ ತಲೆ ಹೊರಗೆ ಹಾಕಿಕೊಂಡಿರುತ್ತಿತ್ತು, ಮೊಸಳೆ ಮರಿಯ ಹಾಗೆ. ಅದರ ತೂಕ ಎಷ್ಟೆಂದರೆ, ಅವಳು ಎಡಗಡೆ ಕೂತ ದಿನ ಬಸ್ಸು ಎಡಕ್ಕೇ ವಾಲಿಕೊಂಡು ಅರಸೀಕೆರೆಯವರೆಗೆ ಓಡುತ್ತಿತ್ತು. ಮೊದಲ ದಿನ ನಾನು ಅವಳಿಗೆ ಹೆಂಗಸರ ಉಚಿತ ಟಿಕೆಟ್ ಕೊಟ್ಟು ಮುಂದೆ ಹೋದೆ. ಹಿಂದಿನ ಸೀಟಿನಲ್ಲಿದ್ದ ಮಾದಿಹಳ್ಳಿಯ ದೇವೀರಪ್ಪ ಬಿಡಲಿಲ್ಲ. ಆತ ಹಾಲಿನ ಡೈರಿಯಿಂದ ನೇರ ಬಂದು ಹತ್ತುವವನು. ಬೇರೆಯವರ ವಿಷಯಕ್ಕೆ ಕೈ ಹಾಕದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

"ಏನ್ಲಾ ಕಂಡಕ್ಟ್ರು, ನಿನ್ ತಂಗಿಗೆ ಫ್ರೀ, ಸರಿ. ಆ ಕಬ್ಣುಕ್ಕೂ ಫ್ರೀನಾ?"

"ಅದು ಕೈಚೀಲ ಕಣಯ್ಯ."

"ಮೊನ್ನೆ ನನ್ ಹಾಲಿನ ಕ್ಯಾನಿಗೆ ಲಗೇಜ್ ಹಾಕ್ದೆ. ಅದು ಕಾಲ್ಚೀಲವಾ?"

ಬಸ್ಸೆಲ್ಲ ನಕ್ಕಿತು. ಮಾಲಿನಿ ಹಿಂದಕ್ಕೆ ತಿರುಗಿ ಕೇಳಿದಳು. "ದೇವೀರಣ್ಣ, ನಿಮ್ಮನೇಲಿ ಹಿತ್ಲು ನಲ್ಲಿ ಸೋರ್ತಿದೆ ಅಂತ ನಿಮ್ಮ ಹೆಂಡ್ತಿ ಹೇಳ್ತಿದ್ರು. ಯಾರ್ ಬಂದು ಸರಿ ಮಾಡಿದ್ರು?"

"ಎಲ್ಲವ್ವ, ಯಾರೂ ಬಂದಿಲ್ಲ. ಹಗರೆ ಪ್ಲಂಬರ್ರು ಇವತ್ತು ನಾಳೆ ಅಂತಾನೆ ಅವ್ನೆ."

"ಭಾನುವಾರ ನಾನ್ ಬರ್ತೀನಿ. ಕಬ್ಬಿಣಾನೂ ತರ್ತೀನಿ. ಲಗೇಜ್ ನೀವ್ ಕೊಡಿ."

ಅಂದಿನಿಂದ ದೇವೀರಪ್ಪ ಅವಳಿಗಾಗಿ ಸೀಟು ಹಿಡಿಯತೊಡಗಿದ. ನಾನು ಮಾತ್ರ ರೆಂಚಿಗೆ ಲಗೇಜ್ ಟಿಕೆಟ್ ಹರಿದೇ ಕೊಟ್ಟೆ. ಕಾನೂನಿನ ವಿಷಯದಲ್ಲಿ ನನ್ನಂಥ ಕಂಡಕ್ಟರ್ ಕರ್ನಾಟಕದಲ್ಲಿ ಹುಟ್ಟಿಲ್ಲ.

ಮನೆಯಲ್ಲಿ ಬಟ್ಟೆ ಒಗೆಯುವುದು ಹೊಸ ಜಗಳವಾಯಿತು. ಮಾಲಿನಿಯ ಪ್ಯಾಂಟಿನ ತುಂಬ ಗ್ರೀಸು, ಅಪ್ಪನ ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ. ಎರಡೂ ಒಂದೇ ಬಕೆಟ್ಟಿನಲ್ಲಿ ನೆಂದು, ಅವ್ವನ ಸೀರೆ ಮೋಡ ಕವಿದ ಹಾಗೆ ಕಾಣುತ್ತಿತ್ತು.

"ಅಪ್ಪುಂದು ಬಿಳಿ, ಮಗಳ್ದು ಕಪ್ಪು. ನಡುವೆ ನನ್ ಸೀರೆ ಯಾಕ್ ಸಾಯ್ಬೇಕು?" ಎಂದು ಅವ್ವ ಕಲ್ಲಿನ ಮೇಲೆ ಅಂಗಿಯನ್ನು ಕುಕ್ಕಿದಳು. "ಇನ್ಮೇಲೆ ಜೇಬು ನೀವೇ ನೋಡಿ ಹಾಕಿ."

"ಜೇಬಿನಲ್ಲಿ ಈಗ ಏನಿದೆ ನೋಡೋಕೆ?" ಅಪ್ಪ ಬಾಗಿಲಲ್ಲಿ ನಿಂತು ಹೇಳಿದರು. "ಡಬ್ಬದಲ್ಲಿದ್ದ ಸೀಮೆಸುಣ್ಣವೇ ಕಾಣೆಯಾಗುತ್ತಿದೆ. ರವಿ, ನೀನು ತೆಗೆದೆಯಾ?"

"ನನಗ್ಯಾಕಪ್ಪ ಸೀಮೆಸುಣ್ಣ? ಬಸ್ಸಿನ ಮೇಲೆ ಮಗ್ಗಿ ಬರೀಲಾ?"

"ಎರಡನೇ ಕ್ಲಾಸಿನಲ್ಲಿ ತಿಂದಿದ್ದೀಯ."

ಮಾಲಿನಿ ನೀರು ಸೇದುತ್ತಿದ್ದಳು. ಕೊಡ ತುಂಬಿದ ಮೇಲೂ ಸೇದುತ್ತಲೇ ಇದ್ದಳು. ನಾನು ಕಳ್ಳನೆಂಬ ಹೆಸರು ಹೊತ್ತು ಡ್ಯೂಟಿಗೆ ಹೋದೆ.

ಸಂಜೆ ಹೊತ್ತು ಅವ್ವ ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ರೆಂಚಿನ ಹಿಡಿ ಕೂರುವ ಕಡೆ ಚರ್ಮ ಗಟ್ಟಿಯಾಗಿತ್ತು. ಒಂದು ದಿನ ಅಪ್ಪ ಹೊರಗಿನಿಂದ ಬಂದವರು ಆ ಅಂಗೈ ನೋಡಿ ಮೆಟ್ಟಿಲ ಮೇಲೇ ನಿಂತರು. ಒಂದು ಕ್ಷಣ ಅವರ ಕೈ ಅವರ ಕೆನ್ನೆಗೆ ಹೋಯಿತು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದರು.

ಹೆಸರು ಕರೆಯುವುದಿಲ್ಲ ಎಂದ ಮೇಲೆ ಮಾತಾಡುವುದೂ ಇಲ್ಲ ಎಂದಾಯಿತಲ್ಲ. ಆದರೆ ಅಪ್ಪ ಹುಟ್ಟಾ ಮೇಷ್ಟ್ರು. ಗೊತ್ತಿಲ್ಲದ ವಿಷಯ ಮನೆಯಲ್ಲಿ ಓಡಾಡುತ್ತಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಅದಕ್ಕೆ ರಮಾಳನ್ನು ನಡುವೆ ನಿಲ್ಲಿಸಿಕೊಂಡರು. ರಮಾ ಪ್ರತಿ ವಾರ ಅವರ ಬಿಪಿ ನೋಡುತ್ತಾಳೆ. ತೋಳಿಗೆ ಪಟ್ಟಿ ಕಟ್ಟಿಸಿಕೊಂಡು, ಎರಡು ಮಾರು ದೂರದಲ್ಲಿ ಸೊಪ್ಪು ಬಿಡಿಸುತ್ತಿದ್ದ ಮಗಳ ಕಡೆ ನೋಡದೆ ಕೇಳಿದರು.

"ರಮಾ, ಒಂದು ಕಡೆ ಬೆಂಕಿ ಬಿದ್ದರೆ ಗೋಡೌನು ಪೂರ್ತಿ ನೀರು ಸುರಿದುಬಿಡುತ್ತೋ? ಹಾಗಾದರೆ ಬೆಂಕಿಯಿಂದ ಉಳಿದ ಕೊಬ್ಬರಿ ನೀರಿನಿಂದ ಹಾಳಾಗುತ್ತೆ. ಕೇಳು ಅವಳನ್ನ."

"ಮಾಲಿನಿ, ಮಾವ ಕೇಳ್ತಿದಾರೆ."

"ಕೇಳಿಸ್ತು ಅತ್ತಿಗೆ. ಸುರಿಯಲ್ಲ ಅಂತ ಹೇಳಿ. ಎಲ್ಲಿ ಬಿಸಿ ತಾಗುತ್ತೋ ಅಲ್ಲಿಂದು ಮಾತ್ರ ತೆರ್ಕೊಳುತ್ತೆ."

"ಮಾವ, ಎಲ್ಲಿ ಬಿಸಿ ತಾಗುತ್ತೋ—"

"ನನಗೂ ಕಿವಿ ಇದೆಯಮ್ಮ. ಪ್ರೆಶರ್ ನಿಲ್ಲಬೇಕು ಅಂದಳಲ್ಲ, ಅದು ಏನಂತೆ?"

ಇದಕ್ಕೆ ರಮಾಳೇ ಉತ್ತರ ಕೊಟ್ಟಳು. "ಇದೇ ಮಾವ, ಈಗ ನಿಮ್ಮ ತೋಳಿಗೆ ಕಟ್ಟಿದೀನಲ್ಲ. ಪೈಪಿಗೂ ಬಿಪಿ ನೋಡ್ತಾರೆ. ನಿಮ್ಮದು ಇಳೀಬೇಕು, ಅದರದು ಇಳೀಬಾರದು."

"ನನ್ನದು ಎಷ್ಟಿದೆ?"

"ಮಗಳ ಹೆಸರು ಕರೆದ್ರೆ ಇಳಿಯೋ ಅಷ್ಟಿದೆ."

ರಮಾಳನ್ನು ನಾನು ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ. ಅವಳ ಇಂಜೆಕ್ಷನ್‌ಗಿಂತ ಮಾತು ಚೂಪು ಎಂದು ಮೂರು ತಾಲ್ಲೂಕಿನ ಜನಕ್ಕೆ ಗೊತ್ತು.

ಅಷ್ಟರಲ್ಲಿ ಹುಣ್ಣಿಮೆ ಬಂತು. ಮಾಲಿನಿ ಕೆಲಸದ ಜಾಗದಿಂದ ಒಂದು ಹಳೆಯ ಸ್ಪ್ರಿಂಕ್ಲರ್ ತಂದಿದ್ದಳು. ಹಿತ್ತಾಳೆಯ ಪುಟ್ಟ ಸಾಮಾನು, ತುದಿಯಲ್ಲಿ ಹಲ್ಲುಹಲ್ಲಿನ ತಟ್ಟೆ, ನಡುವೆ ಅಕ್ಕಿಕಾಳಿಗಿಂತ ತುಸು ದಪ್ಪದ ಗಾಜಿನ ನಳಿಗೆ. ಅದರೊಳಗೆ ಕೆಂಪು ನೀರು. ನೋಡಲು ಕಿವಿಯೋಲೆಯ ಹಾಗಿತ್ತು. ಅವ್ವನಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಬುದ್ಧ ಮತ್ತು ಬಾಬಾಸಾಹೇಬರ ಫೋಟೋ ಇರುವ ಗೂಡಿನಲ್ಲಿ ಅಂದಕ್ಕೆಂದು ಇಟ್ಟಳು. ಹುಣ್ಣಿಮೆ ದಿನ ಅಪ್ಪ ಎಂದಿನಂತೆ ಅಲ್ಲಿ ಮೇಣದಬತ್ತಿ ಹಚ್ಚಿದರು. ಬತ್ತಿಗೆ ಜಾಗ ಸಾಲದೆ ಆ ಸ್ಪ್ರಿಂಕ್ಲರಿಗೆ ತಗುಲಿಸಿಯೇ ನಿಲ್ಲಿಸಿದರು. ಎಲ್ಲರೂ ಕಣ್ಣುಮುಚ್ಚಿ ಕೂತೆವು.

ಟಪ್ ಎಂದಿತು.

ತೋಪು ಹಾರಿದ ಸದ್ದು ಎಂದರೆ ಕಡಿಮೆಯಾಯಿತು. ಕಣ್ಣು ಬಿಟ್ಟರೆ ಅವ್ವ ನನ್ನ ತೊಡೆಯ ಮೇಲೆ ಕೂತಿದ್ದಳು. ಗೂಡಿನ ಗೋಡೆಗೆ ಕೆಂಪು ಹನಿ ಸಿಡಿದಿತ್ತು. ಹಿತ್ತಾಳೆಯ ಸಾಮಾನು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅಪ್ಪ ಒಬ್ಬರೇ ಅಲುಗಾಡಿರಲಿಲ್ಲ. ಫೋಟೋಗೆ ಏನೂ ಆಗಿಲ್ಲವೆಂದು ನೋಡಿಕೊಂಡು, ಆ ಸಾಮಾನನ್ನು ಕೈಗೆತ್ತಿಕೊಂಡರು.

"ರಮಾ, ಇದು ಒಡೆದುಹೋಯಿತಲ್ಲ. ಹಾಳಾಯಿತು ಅಂತ ಹೇಳು ಅವಳಿಗೆ."

"ಹಾಳಾಗಿಲ್ಲ," ಎಂದಳು ಮಾಲಿನಿ ನೇರವಾಗಿ. "ಅದು ಒಡೆಯೋದಕ್ಕೇ ಇರೋದು. ಬಿಸಿಗೆ ಗಾಜು ಒಡೀಬೇಕು, ಒಡೆದ್ರೆ ಬಾಯಿ ತೆರ್ಕೊಂಡು ನೀರು ಬೀಳ್ಬೇಕು. ಕರೆಂಟ್ ಬೇಡ, ಯಾರೂ ಇರೋದು ಬೇಡ. ವರ್ಷಗಟ್ಟಲೆ ಸುಮ್ಮನೆ ಕಾಯ್ತಾ ಕೂತಿರುತ್ತೆ, ಒಂದೇ ಒಂದು ಸಲಕ್ಕೆ."

ಅಪ್ಪ ಅದನ್ನು ಬೆಳಕಿಗೆ ಹಿಡಿದು ಒಂದು ಪಾಠದಷ್ಟು ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. "ಚೆನ್ನಾಗಿದೆ," ಎಂದರು. ಯಾರಿಗೆ ಎಂದು ಹೇಳಲಿಲ್ಲ. ಆ ರಾತ್ರಿಯೂ ಹಾಜರಿಯಲ್ಲಿ ಅವಳ ಹೆಸರು ಬರಲಿಲ್ಲ. ಅವ್ವನೂ ಗೈರಾಗಿಯೇ ಉಳಿದಳು.

ಗೋಡೌನಿನ ಟೆಸ್ಟು ಒಂದು ಭಾನುವಾರಕ್ಕೆ ನಿಗದಿಯಾಯಿತು. ಮಾಲಿನಿ ಹಿಂದಿನ ದಿನವೇ ಅರಸೀಕೆರೆಗೆ ಹೋಗಿ ಅಲ್ಲೇ ರಮಾಳ ತವರಿನಲ್ಲಿ ಉಳಿದಿದ್ದಳು. ಬೆಳಿಗ್ಗೆ ನಾನು ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಹೋದರೆ, ನಡುವಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ಕೂತಿದ್ದಾರೆ. ತೊಡೆಯ ಮೇಲೆ ಟಿಫನ್ ಕ್ಯಾರಿಯರ್.

"ಎಲ್ಲಿಗೆ ಸಾರ್?"

"ಅರಸೀಕೆರೆ. ಪೆನ್ಷನ್ ವಿಷಯ, ಬ್ಯಾಂಕಿಗೆ ಹೋಗಬೇಕು."

"ಭಾನುವಾರ?"

"ಟಿಕೆಟ್ ಕೊಡುವುದಷ್ಟೇ ನಿನ್ನ ಕೆಲಸ. ಹಿರಿಯ ನಾಗರಿಕರ ಟಿಕೆಟ್."

"ವಯಸ್ಸಿನ ದಾಖಲೆ ತೋರಿಸ್ಬೇಕು ಸಾರ್."

"ನೀನೇ ದಾಖಲೆ. ತಲೆ ನೆರೆಯುತ್ತಿದೆ, ಕನ್ನಡಿ ನೋಡಿಕೋ."

ಕ್ಯಾರಿಯರಿನಿಂದ ಅವ್ವನ ಅಕ್ಕಿರೊಟ್ಟಿಯ ವಾಸನೆ ಬರುತ್ತಿತ್ತು. ಬ್ಯಾಂಕಿನವರಿಗೆ ಅಕ್ಕಿರೊಟ್ಟಿ ಕೊಟ್ಟರೆ ಪೆನ್ಷನ್ ಏರುತ್ತದೆಂದು ನಾನು ಆವತ್ತೇ ತಿಳಿದದ್ದು.

ಸಂಜೆಯ ಟ್ರಿಪ್ಪಿನವರೆಗೆ ನನಗೆ ಬಿಡುವಿತ್ತು. ಅಪ್ಪನನ್ನು ಬ್ಯಾಂಕಿಗೆ ಬಿಟ್ಟುಬರುವ ನೆಪದಲ್ಲಿ ಗೋಡೌನಿನ ಬೀದಿಗೇ ಕರೆದುಕೊಂಡು ಹೋದೆ. ಅವರೂ ಬ್ಯಾಂಕು ಈ ಕಡೆ ಅಲ್ಲ ಎನ್ನಲಿಲ್ಲ. ಗೋಡೌನಿನ ಬಾಗಿಲು ಐರಾವತ ಬಸ್ಸು ಅಡ್ಡಡ್ಡ ಹೋಗುವಷ್ಟು ದೊಡ್ಡದು. ಅಪ್ಪ ಅದರ ಹೊರಗೆ ಬಂದು ನಿಂತರು. ನಿಂತವರು ಮುಂದೆ ಹೆಜ್ಜೆ ಇಡಲಿಲ್ಲ. ಬಾಗಿಲ ಪಕ್ಕದ ನೆಲವನ್ನು ನೋಡುತ್ತಿದ್ದರು. ಅಲ್ಲಿ ಒಂದಷ್ಟು ಕಾಯಿನಾರು ಬಿದ್ದಿತ್ತು.

"ಕ್ಯಾರಿಯರ್ ಕೊಟ್ಟು ಬಾ," ಎಂದರು. "ನಾನು ಇಲ್ಲೇ ಇರುತ್ತೇನೆ."

ಒಳಗಿನಿಂದ ಜಯದೇವಪ್ಪ ಮೇಸ್ತ್ರಿ ನೋಡಿದ. ಬೋಳು ತಲೆಗೆ ಟವಲು ಸುತ್ತಿದ, ಮೈಯೆಲ್ಲ ಕೆಂಪು ಪೇಂಟಿನ ಮನುಷ್ಯ. "ಮಾಲಿನಿಯವರ ತಂದೆಯೋರಾ? ಹೊರಗ್ಯಾಕೆ ನಿಂತ್ರಿ ಮೇಷ್ಟ್ರೇ? ಒಳಗ್ ಬನ್ನಿ, ಒಳಗ್ ಬನ್ನಿ. ಬಿಸಿಲೈತೆ."

ಅಪ್ಪ ಒಂದು ಸಲ ಹಿಂದೆ ತಿರುಗಿ ಬೀದಿ ನೋಡಿದರು. ಆಮೇಲೆ ಒಳಗೆ ಕಾಲಿಟ್ಟರು.

ಒಳಗೆ ಅರ್ಧ ಭಾಗ ಖಾಲಿ, ಅರ್ಧ ಭಾಗ ಕೊಬ್ಬರಿ ಮೂಟೆ. ಬೆಲೆ ಏರಲಿ ಎಂದು ಮಾಲೀಕರು ಖಾಲಿ ಮಾಡಿಸಿರಲಿಲ್ಲ. ಮೂಟೆಗಳಿಗೆ ಟಾರ್ಪಾಲು ಹೊದಿಸಿತ್ತು. ಮೇಲೆ ಚಾವಣಿಯ ಉದ್ದಕ್ಕೂ ಕೆಂಪು ಪೈಪು. ಬಿಚ್ಚಿ ಉದ್ದಕ್ಕಿಟ್ಟರೆ ಬೇಲೂರು ಮುಟ್ಟಿ ಯಗಚಿ ಹೊಳೆ ದಾಟುತ್ತಿದ್ದವು. ಏಣಿಯ ತುದಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಮಾಲಿನಿ. ಅಪ್ಪನನ್ನು ನೋಡಿ ಅವಳು ರೆಂಚ್ ಕೆಳಗೆ ಬಿಡಲಿಲ್ಲವಲ್ಲ, ನಾನು ಅದಕ್ಕೇ ಅವಳನ್ನು ಗಟ್ಟಿಗಿತ್ತಿ ಎನ್ನುವುದು.

ಕೆಲಸದವರೆಲ್ಲರ ಮುಖ ಸಪ್ಪಗಿತ್ತು. ಬೆಳಿಗ್ಗೆಯೇ ನೀರು ತುಂಬಿ ಪ್ರೆಶರ್ ಕೊಟ್ಟಿದ್ದರು. ಎರಡು ಗಂಟೆ ಅಲುಗಾಡದೆ ನಿಲ್ಲಬೇಕಾದ ಗೇಜಿನ ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು. ಎಲ್ಲೋ ಒಂದು ಜಾಯಿಂಟ್ ಸೋರುತ್ತಿದೆ. ಒಣ ಪೇಪರ್ ಒತ್ತಿ ಒತ್ತಿ ಎಲ್ಲ ಜಾಯಿಂಟ್ ನೋಡಿದ್ದಾರೆ, ಎಲ್ಲವೂ ಒಣ.

"ಎಲ್ಲಾ ನೋಡಿದ್ರಾ?" ಅಪ್ಪ ಕೇಳಿದರು.

"ಎರಡ್ ಸಲ ನೋಡಿದ್ವಿ ಮೇಷ್ಟ್ರೇ," ಎಂದ ಜಯದೇವಪ್ಪ. "ಇವತ್ ನಿಲ್ಲದಿದ್ರೆ ಮಾಲೀಕ್ರು ನನ್ನ ಬಿಡಲ್ಲ, ಇವರ್ನ ಬೇಲೂರಿಗೆ ಕರ್ಕೊಂಡೋಗೋ ಮಾತೂ ನಾನಾಡಂಗಿಲ್ಲ."

ಅಪ್ಪನ ಕತ್ತು ಮೇಲಕ್ಕೆ ಹೋಗಿತ್ತು. ಕೆಂಪು ಪೈಪಿನ ಪ್ರತಿಯೊಂದು ಜಾಯಿಂಟಿನ ಪಕ್ಕದಲ್ಲೂ ಸೀಮೆಸುಣ್ಣದಲ್ಲಿ ಬರೆದ ಒಂದು ಅಂಕಿ ಇತ್ತು. ಕನ್ನಡದ ಅಂಕಿ. ೧, ೨, ೩. ಮೂರರ ಬಾಲ ಎಡಕ್ಕೆ ಎಳೆದು ಸ್ವಲ್ಪ ಮೇಲಕ್ಕೆ ತಿರುಗಿತ್ತು. ಹಾಗೆ ಮೂರು ಬರೆಯುವವರು ಭೂಮಿಯ ಮೇಲೆ ನಮ್ಮಪ್ಪ ಒಬ್ಬರೇ, ಬಿಟ್ಟರೆ ಅವರು ಕಲಿಸಿದವರು.

"ಸೀಮೆಸುಣ್ಣ," ಎಂದರು ಅಪ್ಪ.

"ನಾನೇ ತಗೊಂಡಿದ್ದು," ಎಂದಳು ಮಾಲಿನಿ ಮೇಲಿನಿಂದ. "ಅಣ್ಣ ಅಲ್ಲ. ಯಾವ ಜಾಯಿಂಟ್ ಮುಗೀತು, ಯಾವುದಿಲ್ಲ ಅಂತ ಗೊತ್ತಾಗ್ಬೇಕಿತ್ತು."

ನನ್ನ ಮೇಲಿನ ಕಳ್ಳತನದ ಆರೋಪ ಬಿದ್ದುಹೋಯಿತು. ಅಪ್ಪ ಅದನ್ನು ಗಮನಿಸಲೂ ಇಲ್ಲ. ಕ್ಯಾರಿಯರ್ ನನ್ನ ಕೈಗೆ ತುರುಕಿ, ಗೋಡೌನಿನ ನಟ್ಟನಡುವೆ ಹೋಗಿ ನಿಂತು, ಕೈ ಹಿಂದೆ ಕಟ್ಟಿಕೊಂಡರು.

"ನಂಬರ್ ಹಾಕಿದ್ದೀರಿ. ಆದರೆ ನಂಬರ್ ಕರೆದು ನೋಡಿದಿರಾ?"

"ಕರೆದು ಅಂದ್ರೆ?" ಎಂದ ಜಯದೇವಪ್ಪ.

"ಹೆಸರು ಕರೆಯದೆ ಸುಮ್ಮನೆ ತಲೆ ಎಣಿಸುತ್ತಾ ಹೋದರೆ ಮುಂದಿನ ಬೆಂಚಿನವನು ಎರಡು ಸಲ ಎಣಿಕೆಯಾಗುತ್ತಾನೆ, ಹಿಂದಿನ ಬೆಂಚಿನವನು ಕಿಟಕಿ ಹಾರಿರುತ್ತಾನೆ. ನಾನು ಕರೆಯುತ್ತೇನೆ. ಜಾಯಿಂಟ್ ಹತ್ತಿರ ಹೋಗಿ, ಪೇಪರ್ ಒತ್ತಿ, ಉತ್ತರ ಕೊಡಬೇಕು. ಒಂದು."

ಏಣಿಗೆ ಚಕ್ರವಿತ್ತು. ಇಬ್ಬರು ತಳ್ಳಿದರು. ಮಾಲಿನಿ ಕೈ ಚಾಚಿ ಪೇಪರ್ ಒತ್ತಿದಳು. "ಒಣ."

"ಸರಿ, ಮುಂದೆ. ಎರಡು."

"ಒಣ."

"ಸರಿ, ಮುಂದೆ. ಮೂರು."

ಅಪ್ಪನ ಧ್ವನಿ ತಗಡಿಗೆ ಬಡಿದು ವಾಪಸ್ ಬರುತ್ತಿತ್ತು. ಬೀದಿಯಲ್ಲಿ ಹೋಗುವವರು ಬಾಗಿಲ ಹತ್ತಿರ ನಿಂತು ನೋಡತೊಡಗಿದರು. ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತಿದ್ದ ರೈಲು ತನ್ನನ್ನೇ ಕರೆದರೆಂದುಕೊಂಡು ಒಂದು ಸಲ ಕೂಗಿತು. ಹತ್ತಾಯಿತು, ಇಪ್ಪತ್ತಾಯಿತು. ಮೂವತ್ತರ ಹೊತ್ತಿಗೆ ಅಪ್ಪನ ಕತ್ತು ನೋಯುತ್ತಿತ್ತು, ಆದರೂ ತಲೆ ಇಳಿಸಲಿಲ್ಲ.

"ಮೂವತ್ತೇಳು."

"ಒಣ."

"ಸರಿ, ಮುಂದೆ. ಮೂವತ್ತೆಂಟು."

ಉತ್ತರವಿಲ್ಲ.

"ಮೂವತ್ತೆಂಟು."

"ಅಪ್ಪ, ಮೂವತ್ತೆಂಟು ಕಾಣ್ತಿಲ್ಲ. ಮೂವತ್ತೇಳಾದ್ಮೇಲೆ ಮೂವತ್ತೊಂಬತ್ತಿದೆ."

"ಬರೆದದ್ದು ನೀನೇ ತಾನೆ?"

"ನಾನೇ. ಬರೆದಿದ್ದು ನೆನಪಿದೆ."

"ಹಾಗಾದರೆ ಅದು ಗೈರುಹಾಜರಿ. ಹುಡುಕು. ತಪ್ಪಿಸಿಕೊಂಡವನು ದೂರ ಹೋಗಿರುವುದಿಲ್ಲ."

ಮಾಲಿನಿ ಏಣಿಯ ಮೇಲೆ ಅತ್ತಿತ್ತ ಬಗ್ಗಿ ನೋಡಿದಳು. ತೊಲೆಯ ಹಿಂದುಗಡೆ, ಕೊಬ್ಬರಿ ಮೂಟೆಗಳ ನೇರಕ್ಕೆ, ಟಾರ್ಪಾಲಿನ ತುದಿಯನ್ನು ಹಗ್ಗದಿಂದ ಪೈಪಿಗೇ ಬಿಗಿದು ಕಟ್ಟಿತ್ತು. ಅವಳು ಹಗ್ಗ ಬಿಚ್ಚಿದಳು. ಟಾರ್ಪಾಲು ಸರಿಯಿತು. ಅದರಡಿ ೩೮. ಅರ್ಧ ಅಳಿಸಿಹೋಗಿತ್ತು. ಸೀಮೆಸುಣ್ಣ ಒದ್ದೆಯಾಗಿ ಪೈಪಿನ ಮೇಲೆ ಹಾಲಿನ ಹಾಗೆ ಇಳಿದಿತ್ತು. ಸೋರಿದ ನೀರು ಟಾರ್ಪಾಲಿನ ಮಡಿಕೆಗುಂಟ ಜಾರಿ ಹಿಂದಿನ ಗೋಡೆಯ ಬುಡ ಸೇರುತ್ತಿತ್ತು. ನೆಲದ ಮೇಲೆ ಹನಿ ಬೀಳದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

"ಒದ್ದೆ," ಎಂದಳು ಮಾಲಿನಿ.

ಜಯದೇವಪ್ಪ ಕೆಂಪಾದ. "ಪೈಪಿಗೆ ಟಾರ್ಪಾಲು ಕಟ್ಟಿದ ಬುದ್ಧಿವಂತ ಯಾವನು?"

ಏಣಿ ತಳ್ಳುತ್ತಿದ್ದ ಇಬ್ಬರೂ ನೆಲ ನೋಡಿದರು. ಮೇಲಿನಿಂದ ಮಾಲಿನಿ ಹೇಳಿದಳು. "ನಾನೇ ಮೇಸ್ತ್ರಿ. ಕೊಬ್ಬರಿ ನೆನೆದ್ರೆ ಬೂಷ್ಟು ಬರುತ್ತೆ ಅಂತ ನಿನ್ನೆ ಸಂಜೆ ಕಟ್ಟಿದೆ. ಕಟ್ಟೋ ಗಡಿಬಿಡೀಲಿ ನಂಬರ್ ಮುಚ್ಚಿಹೋಗಿದ್ದು ನೋಡ್ಲಿಲ್ಲ. ಜಾಯಿಂಟೂ ನಂದೇ."

ನಾನು ಕಣ್ಣುಮುಚ್ಚಿಕೊಂಡೆ. ಒಪ್ಪಿಕೊಳ್ಳುವ ಬದಲು ಒಂದು ಸಣ್ಣ ಸುಳ್ಳು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ನನ್ನ ತಂಗಿಯಾಗಿದ್ದೂ ಇಷ್ಟು ಕಲಿತಿಲ್ಲವಲ್ಲ ಎಂದುಕೊಂಡೆ. ಅಪ್ಪ ಮಾತ್ರ ಮೇಲೆಯೇ ನೋಡುತ್ತಿದ್ದರು.

ಜಯದೇವಪ್ಪ ಟವಲು ಬಿಚ್ಚಿ ಮುಖ ಒರೆಸಿಕೊಂಡ. "ಸರಿ. ನೀರಿಳ್ಸಿ. ಮೂವತ್ತೆಂಟು ಬಿಚ್ಚಿ, ಹಳೇ ಟೇಪು ಕೆರೆದು, ಹೊಸದಾಗಿ ಸುತ್ತಿ ಕಟ್ಟಮ್ಮ. ಮತ್ತೆ ತುಂಬಣ."

ನೀರಿಳಿಸಿ, ಜಾಯಿಂಟ್ ಕಟ್ಟಿ, ಮತ್ತೆ ನೀರು ತುಂಬುವ ಹೊತ್ತಿಗೆ ಅಕ್ಕಿರೊಟ್ಟಿ ಖಾಲಿಯಾಗಿತ್ತು. ಅಪ್ಪ ಗೇಜಿನ ಮುಂದೆ ಮೂಟೆಯೊಂದನ್ನು ಹಾಕಿಸಿಕೊಂಡು ಕೂತರು. ಆ ಎರಡು ಗಂಟೆ ಪಬ್ಲಿಕ್ ಪರೀಕ್ಷೆಯ ಕೊಠಡಿಯಲ್ಲಿ ಕೂತ ಹಾಗೆ ಕೂತಿದ್ದರು. ಯಾರಿಗೂ ಕೆಮ್ಮಲು ಬಿಡಲಿಲ್ಲ. ಮುಳ್ಳಿನ ಮೇಲೆ ನೊಣ ಕೂತರೆ ಅದನ್ನೂ ಎಬ್ಬಿಸಿದರು. ನೊಣ ಎದ್ದಿತು, ಮುಳ್ಳು ಅಲುಗಲಿಲ್ಲ. ಮಾಲಿನಿ ಅವರ ಹಿಂದೆ ನೆಲದ ಮೇಲೆ ಕೂತು, ಗೇಜು ನೋಡದೆ ಅವರ ಬೆನ್ನು ನೋಡುತ್ತಿದ್ದಳು.

ಹೊತ್ತು ತುಂಬಿದಾಗ ಜಯದೇವಪ್ಪ ಗೇಜಿಗೆ ಬೆರಳಿನಿಂದ ತಟ್ಟಿ ನೋಡಿದ. "ನಿಂತಿದೆ."

ಆಮೇಲೆ ಅಪ್ಪನ ಕಡೆ ತಿರುಗಿದ. "ಜಾಯಿಂಟ್ ಸೋರೋದು ದೊಡ್ಡ ವಿಷ್ಯ ಅಲ್ಲ ಮೇಷ್ಟ್ರೇ, ನನ್ ಕೈಲೂ ಸೋರ್ತದೆ. ಆದ್ರೆ ನಂದೇ ತಪ್ಪು ಅಂತ ಏಣಿ ಮೇಲೆ ನಿಂತು ಹೇಳೋರು ನನ್ ಜೊತೆಗೆ ಇಲ್ಲೀಗಂಟ ಯಾರೂ ಇರ್ಲಿಲ್ಲ. ಬೇಲೂರಿಗೆ ಕರ್ಕೊಂಡ್ ಹೋಗ್ತೀನಿ, ಫಿಟ್ಟರ್ ಅಂತ್ಲೇ. ನೀವೊಂದ್ ಮಾತು ಹೇಳ್ಬೇಕು."

ಅಪ್ಪ ಬಟ್ಟೆ ಕೊಡವಿಕೊಂಡು ಎದ್ದರು. "ನನಗೆ ಬಸ್ಸಿಗೆ ಹೊತ್ತಾಯಿತು," ಎಂದರು.

ಸಂಜೆಯ ಬಸ್ಸಿನಲ್ಲಿ ಮೂವರೂ ವಾಪಸ್ ಹೊರಟೆವು. ಮಾಲಿನಿ ಹೆಂಗಸರ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಅಪ್ಪ ಅದೇ ನಡುವಿನ ಸೀಟಿನಲ್ಲಿ, ಖಾಲಿ ಕ್ಯಾರಿಯರ್ ಹಿಡಿದು. ಜಾವಗಲ್ ದಾಟಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ನಾಳೆ ಬೇಲೂರಿಗೆ ಹೋದಾಗ ಒಂದು ಡಬ್ಬ ಸೀಮೆಸುಣ್ಣ ತಂದುಬಿಡು. ಎರಡು ತಾ. ಒದ್ದೆಯಾದರೂ ಅಳಿಸದೆ ಇರುವುದು ಸಿಗುತ್ತೋ ಕೇಳು."

"ಅಳಿಸಿದ್ದಕ್ಕೇ ಅಲ್ವಾ ಅಪ್ಪ, ಸೋರೋದು ಗೊತ್ತಾಗಿದ್ದು?"

ಅಪ್ಪ ಸ್ವಲ್ಪ ಯೋಚಿಸಿದರು. "ಹೌದು. ಹಾಗಾದರೆ ಮಾಮೂಲಿನದೇ ತಾ."

ಮನೆಯಲ್ಲಿ ಅವ್ವ ಅವರೆಕಾಳು ಸಾರು ಮಾಡಿದ್ದಳು. ವಿಷಯವನ್ನೆಲ್ಲ ನಾನು ಅಡುಗೆಮನೆಯಲ್ಲೇ ಹೇಳಿ ಮುಗಿಸಿದೆ. ನನ್ನ ಬಾಯಲ್ಲಿ ಮುನ್ನೂರು ಜಾಯಿಂಟು, ಸಾವಿರ ಜನ, ಊರೆಲ್ಲ ಮುಳುಗಿಸುವಷ್ಟು ನೀರು. ಅವ್ವ ಎಲ್ಲವನ್ನೂ ನಂಬಿದಳು. ಅಪ್ಪ ಗೋಡೌನಿನ ಒಳಗೆ ಹೋದರು ಎಂಬ ಒಂದೇ ಮಾತನ್ನು ಎರಡನೆಯ ಸಲ ಹೇಳಿಸಿದಳು.

ಎಲ್ಲರೂ ತಟ್ಟೆ ಮುಂದೆ ಕೂತೆವು. ಆವತ್ತಿನ ಮುದ್ದೆಗಳ ಮರೆಯಲ್ಲಿ ನಮಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮಾಲಿನಿ ಕೂತಲ್ಲೇ ತೂಕಡಿಸುತ್ತಿದ್ದಳು. ಅಪ್ಪ ಕೆಮ್ಮಿದರು.

"ರವಿಕುಮಾರ್."

"ಹಾಜರ್." ಮೊದಲು ಅವ್ವನ ಹೆಸರು ಬರಬೇಕಿತ್ತು. ರಮಾ ನನ್ನ ಮುಖ ನೋಡಿದಳು.

"ರಮಾ."

"ಹಾಜರ್ ಮಾವ."

ಒಂದು ಹೆಸರಿನಷ್ಟು ಹೊತ್ತು ಸುಮ್ಮನಾಯಿತು. ಅವ್ವ ಸಾರಿನ ಸೌಟನ್ನು ಪಾತ್ರೆಯ ಮೇಲೆ ಹಾಗೇ ಹಿಡಿದಿದ್ದಳು.

"ಮಾಲಿನಿ," ಎಂದರು ಅಪ್ಪ.

ಮಾಲಿನಿ ಅರ್ಧ ನಿದ್ದೆಯಲ್ಲಿ, ಕೈಯನ್ನು ಮೇಲಕ್ಕೆ ಚಾಚಿ, ಇಲ್ಲದ ಪೈಪಿಗೆ ಇಲ್ಲದ ಪೇಪರ್ ಒತ್ತಿದಳು. "ಒಣ."

ರಮಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ನಗಲಿಲ್ಲ.

"ಸರಿ," ಎಂದರು. "ಮುಂದೆ. ಮುತ್ತಮ್ಮ."

"ಹಾಜರ್," ಎಂದಳು ಅವ್ವ, ಬೇಲೂರಿಗೆ ಕೇಳಿಸುವ ಹಾಗೆ. ಆಮೇಲೆ ಮೇಷ್ಟ್ರ ತಟ್ಟೆಗೆ ಸಾರು ಬಡಿಸಿದಳು.